ಆಂಟೆನಾ ಮುಂದೆ ಟ್ರೈಲರ್ ಬುಡ್ಬೋದಾ ಸಾ?

ಅಡ್ಮಿನ್: ಇವತ್ತಿನ ಪ್ರಶ್ನೋತ್ತರಕ್ಕೆ ಕುವೆಂಪುನಗರದ ನಮ್ಮ ಇಂಜಿನಿಯರ್ ಸರ್ ಸಿಕ್ಕಿದ್ದಾರೆ. ವಿಮಾನಕ್ಕೆ ಇಳಿಯೋ ದಾರಿ ತೋರಿಸೋ ರೇಡಿಯೋ ಯಂತ್ರ, ಅದೇ ಐಎಲ್‌ಎಸ್, ನೋಡ್ಕೊಂಡೇ ರಿಟೈರ್ ಆದವರು. ಕೇಳಿ. ಗುಡ್ ಮಾರ್ನಿಂಗ್ ಫೋಟೋ ಬೇಡ.

ಸರಸ್ವತಿಪುರಂ ಮೇಡಂ: ನಮಸ್ಕಾರ ಸರ್. ಮಗಳು ಡೆಲ್ಲಿಗೆ ಹೊರಟಿದ್ದಾಳೆ. ಮಂಜಿದ್ರೆ ಆಟೋಪೈಲಟ್ಟೇ ಇಳಿಸುತ್ತಂತೆ, ನಿಜವಾ?

ಇಂಜಿನಿಯರ್: ನಮಸ್ಕಾರ ಅಮ್ಮ. ನಿಜ, ಆದ್ರೆ ಅಪರೂಪ. ವಿಮಾನ, ರನ್‌ವೇ, ಪೈಲಟ್ ಮೂರಕ್ಕೂ ಅರ್ಹತೆ ಇರಬೇಕು. ಸಾಮಾನ್ಯ ಐಎಲ್‌ಎಸ್‌ನಲ್ಲಿ 200 ಅಡಿಗೆ ಬಂದಾಗ ರನ್‌ವೇ ದೀಪ ಕಾಣದಿದ್ರೆ ಮತ್ತೆ ಮೇಲೇರ್ತಾರೆ. ಹಾಗಾದ್ರೆ ಗಾಬರಿ ಬೀಳ್ಬೇಡ ಅಂತ ಮಗಳಿಗೆ ಹೇಳಿ.

ಜೆ.ಪಿ. ನಗರ ರಾಯರು: ಫಾರ್ವರ್ಡ್ ಬಂದಿದೆ: "ಇಳಿಯುವಾಗ ಒಬ್ಬರ ಫೋನ್ ಆನ್ ಇದ್ದರೂ ಸಿಗ್ನಲ್ ಕಟ್! ಫಾಯಿಲ್ ಪೇಪರಿನಲ್ಲಿ ಸುತ್ತಿಡಿ. 10 ಜನಕ್ಕೆ ಕಳಿಸಿ."

ಇಂಜಿನಿಯರ್: ಫ್ಲೈಟ್ ಮೋಡ್ ಹಾಕಿ, ಸಾಕು. ಫಾಯಿಲ್ ಸುತ್ತಿದ್ರೆ ಫೋನು ಟವರ್ ಹುಡುಕಿ ಹುಡುಕಿ ಇನ್ನೂ ಜೋರಾಗಿ ಕೂಗುತ್ತೆ. ಯಾರಿಗೂ ಕಳಿಸ್ಬೇಡಿ.

ಮದ್ದೂರು ಹುಡುಗ: ಸಾ, ನಾನು ಒಂದ್ ಏರ್‌ಪೋರ್ಟಲ್ಲಿ ಹುಲ್ಲು ಕುಯ್ಯೋ ಕಂತ್ರಾಟಲ್ಲಿ ಟ್ರಾಕ್ಟರ್ ಓಡಿಸ್ತೀನಿ. ರನ್‌ವೇ ಪಕ್ಕ ಆಂಟೆನಾ ಕಂಬ ಐತಲ್ಲ, ಅದ್ರ ಮುಂದೆ ಮಟ್ಟಸವಾಗೈತೆ ಅಂತ ಟ್ರೈಲರ್ ಅಲ್ಲೇ ಬುಟ್ಟು ಬತ್ತೀವಿ. ಮಂಜಿಲ್ಲ, ಏನೂ ಆಗಕಿಲ್ಲ ಬುಡ್ಲಾ ಅಂತಾನೆ ಸೂಪರ್‌ವೈಸರ್.

ಇಂಜಿನಿಯರ್: ಈಗ್ಲೂ ಅಲ್ಲೇ ಇದೆಯಾ?

ಮದ್ದೂರು ಹುಡುಗ: ಐತೆ ಸಾ. ಬೆಳಿಗ್ಗೆ ತಗೀತೀವಿ.

ಇಂಜಿನಿಯರ್: ಮೊದಲು ಏರ್‌ಪೋರ್ಟ್ ಡ್ಯೂಟಿ ಆಫೀಸಿಗೆ ಫೋನ್ ಮಾಡಪ್ಪ, ಕಂಟ್ರೋಲ್ ಟವರ್‌ಗೆ ತಿಳಿಸೋಕೆ ಹೇಳು. ನೀನಾಗೇ ಒಳಗೆ ನುಗ್ಗಿ ಎಳೀಬೇಡ. ಆಮೇಲೆ ಇದನ್ನ ಓದು.

ಆ ಕಂಬ ಗ್ಲೈಡ್ ಸ್ಲೋಪ್. ಸುಮಾರು 3 ಡಿಗ್ರಿ ಇಳಿಜಾರು ತೋರಿಸುತ್ತೆ. ದಾರಿಗಿಂತ ಮೇಲೆ 90 ಹರ್ಟ್ಸ್ ಸ್ವರ ಜೋರು, ಕೆಳಗೆ 150ರದು; ಎರಡೂ ಸಮ ಆದ ಕಡೆ ದಾರಿ. ಆ ದಾರಿ ಕಂಬ ಒಂದರಿಂದಲೇ ಹುಟ್ಟಲ್ಲ, ಮುಂದಿನ ನೆಲಕ್ಕೆ ಬಡಿದು ಏಳೋ ಅಲೆಯೂ ಸೇರಬೇಕು. ಆ ನೆಲ ಮಟ್ಟ ಮಾಡಿರೋದು, ನಿಮ್ಮ ಕೈಲಿ ಹುಲ್ಲು ಕುಯ್ಸೋದು ಅದಕ್ಕೇ. ಅಲ್ಲಿ ಕಬ್ಬಿಣದ ಟ್ರೈಲರ್ ನಿಂತ್ರೆ ದಾರಿ ಸೊಟ್ಟಗಾಗಬಹುದು.

ಬಿಸಿಲಿದ್ರೆ ಪರವಾಗಿಲ್ಲ ಅನ್ನೋ ಮಾತಿಗೇ ನನಗೆ ಭಯ. ಬಿಸಿಲಲ್ಲೂ ಐಎಲ್‌ಎಸ್ ಹಿಡಿದೇ ಬರ್ತಾರೆ, ಆಟೋಪೈಲಟ್ ಹಾಕಿರ್ತಾರೆ. ಅದಕ್ಕೆ ಕಣ್ಣಿಲ್ಲ, ಸಿಗ್ನಲ್ ಬಾಗಿದ್ರೆ ತಾನೂ ಬಾಗುತ್ತೆ. 2011ರ ನವೆಂಬರ್ 3, ಮ್ಯೂನಿಕ್. ಸಿಂಗಾಪುರ್ ಏರ್‌ಲೈನ್ಸ್‌ನ 777 ಆಟೋಲ್ಯಾಂಡ್ ಮಾಡ್ತಿತ್ತು. ಮಂಜಿನ ದಿನ ಆಂಟೆನಾ ಮುಂದೆ ಯಾರೂ ಬರದ ಹಾಗೆ ಮಾಡೋ ಕಟ್ಟುನಿಟ್ಟು ನೆಲದ ಮೇಲೆ ಜಾರಿಯಲ್ಲಿರಲಿಲ್ಲ. ಮುಂದೆ ಟೇಕಾಫ್ ಆದ ಇನ್ನೊಂದು ವಿಮಾನ ಲೋಕಲೈಸರ್, ಅಂದ್ರೆ ರನ್‌ವೇ ನಡುಗೆರೆ ತೋರಿಸೋ ಐಎಲ್‌ಎಸ್ ಭಾಗ, ಅದರ ಸಿಗ್ನಲ್‌ಗೆ ಅಡ್ಡ ಬಂತು. ದೊಡ್ಡ ವಿಮಾನ ರನ್‌ವೇ ಬಿಟ್ಟು ಹುಲ್ಲಿಗೆ ನುಗ್ಗಿತು. ಪುಣ್ಯಕ್ಕೆ ಯಾರಿಗೂ ಪೆಟ್ಟಾಗಲಿಲ್ಲ. ಅಲ್ಲಿ ಅಡ್ಡ ಬಂದದ್ದು ಕೆಲವೇ ಸೆಕೆಂಡು. ನಿನ್ನ ಟ್ರೈಲರ್ ರಾತ್ರಿಯೆಲ್ಲಾ ನಿಂತಿರುತ್ತೆ.

ನಿವೃತ್ತ ಮ್ಯಾನೇಜರ್: ಸುಮ್ನೆ ಹುಡುಗನ್ನ ಹೆದರಿಸ್ತೀರಿ. ಸಿಗ್ನಲ್ ಕೆಟ್ರೆ ಕಾಕ್‌ಪಿಟ್‌ನಲ್ಲಿ ಫ್ಲ್ಯಾಗ್, ಅಂದ್ರೆ ಎಚ್ಚರಿಕೆ ಗುರುತು, ಬರುತ್ತೆ, ಯೂಟ್ಯೂಬಲ್ಲಿ ನೋಡಿದ್ದೀನಿ.

ಇಂಜಿನಿಯರ್: ಎಲ್ಲ ಸಲ ಬರಲ್ಲ ಸ್ವಾಮಿ. 2000ದಲ್ಲಿ ಸಮೋವಾದ ಅಪಿಯಾದಲ್ಲಿ ಐಎಲ್‌ಎಸ್ ಟ್ರಾನ್ಸ್‌ಮಿಟರನ್ನ ಬೈಪಾಸ್‌ನಲ್ಲಿ, ಅಂದ್ರೆ ತಪ್ಪಾದ್ರೆ ತಾನೇ ಆಫ್ ಆಗೋ ಕಾವಲು ಇಲ್ಲದೆ, ಬಿಟ್ಟಿದ್ರು. ಏರ್ ನ್ಯೂಜಿಲೆಂಡ್ ವಿಮಾನಕ್ಕೆ ದಾರಿ ಸರಿ ಅನ್ನೋ ಹಾಗೆ ಸೂಜಿ ನಡುವಲ್ಲೇ, ಫ್ಲ್ಯಾಗೂ ಇಲ್ಲ. ಕೆಳಗಿನ ದೀಪ ಇರಬಾರದ ಕಡೆ ಕಂಡು ಪೈಲಟ್‌ಗಳು ಮೇಲೇರಿದ್ರು, ಉಳಿದ್ರು. ಯೂಟ್ಯೂಬಲ್ಲಿ ಇದೂ ಇರಬಹುದು.

ಹೆಬ್ಬಾಳ್ ಗೆಳೆಯ: ಲೋಕಲೈಸರ್ 108 ಮೆಗಾಹರ್ಟ್ಸ್ ಮೇಲಂತೆ, ಎಫ್‌ಎಂ ಅದರ ಕೆಳಗೇ. ನಮ್ಮ ಆಕಾಶವಾಣಿ 100.6ರಿಂದ ತೊಂದರೆ ಇಲ್ವಾ?

ಇಂಜಿನಿಯರ್: ಒಳ್ಳೇ ಪ್ರಶ್ನೆ. ಈಗಿನ ರಿಸೀವರ್‌ಗಳನ್ನ ಎಫ್‌ಎಂ ತಡ್ಕೊಳ್ಳೋ ಹಾಗೇ ಮಾಡಿರ್ತಾರೆ.

ರಾಯರು: ಆಕಾಶವಾಣಿ ಅನ್ನೋ ಹೆಸರೇ ಮೈಸೂರಿಂದು. 1935, ಪ್ರೊಫೆಸರ್ ಗೋಪಾಲಸ್ವಾಮಿಯವರು ಮನೇಲೇ ರೇಡಿಯೋ ಕೇಂದ್ರ ಶುರು ಮಾಡಿದ್ದು.

ಮ್ಯಾನೇಜರ್: ಠಾಗೋರ್ ಇಟ್ಟಿದ್ದು ರೀ.

ರಾಯರು: ಒಂಟಿಕೊಪ್ಪಲಿಗೆ ಹೋಗಿ ಕೇಳಿ ರೀ, ಮಾತಾಡೋ ಮುಂಚೆ.

ಮ್ಯಾನೇಜರ್: ಫಾಯಿಲ್ ಸುತ್ತೋರ ಹತ್ರ ಕೇಳ್ಬೇಕಾಗಿಲ್ಲ.

ಮಂಡ್ಯ ಅಕ್ಕ: ಸರ್, ಮಗ ಪೈಲಟ್ ಆಗ್ಬೇಕಂತಾನೆ, ಪಿಯುಸಿಲಿ ಏನು ತಗೋಬೇಕು?

ರಾಯರು: ಅಡ್ಮಿನ್, ಇವರನ್ನ ತೆಗೀತೀರೋ ಇಲ್ವೋ?

ಅಡ್ಮಿನ್: ಇಬ್ರೂ ಸುಮ್ನಿರಿ.

ಗೋಕುಲಂ ಸರ್: ಫುಲ್ ಓದಿಲ್ಲ. ಆಟೋಪೈಲಟ್ಟೇ ಇಳಿಸುತ್ತಾ ಸರ್?

ಇಂಜಿನಿಯರ್: ಮೇಲಿದೆ.

ಮದ್ದೂರು ಹುಡುಗ: ಸಾ, ಫೋನ್ ಮಾಡ್ದೆ. ಜೀಪಲ್ಲಿ ಬಂದು ಎಳಿಸಿದ್ರು. ಸೂಪರ್‌ವೈಸರ್ ನಾಳೆಯಿಂದ ಬರ್ಬೇಡ ಅಂದವ್ನೆ.

ಇಂಜಿನಿಯರ್: ಅವನ ನಂಬರ್ ನನಗೆ ಪರ್ಸನಲ್ ಆಗಿ ಕಳಿಸು. ಈಗ್ಲೇ.