ಶಾರ್ಲಟ್‌ನ 600 ಮೈಲಿ ರೇಸ್‌ಗೆ ಅಪ್ಪ-ಅಮ್ಮನನ್ನು ಕರೆದುಕೊಂಡು ಹೋಗಬಹುದಾ?

ಕೇಳಿದ್ದು:

ನಾವಿರುವುದು ಅಮೆರಿಕದ ನಾರ್ತ್ ಕ್ಯಾರೊಲಿನಾದ ರಾಲಿಯಲ್ಲಿ. ಹಾಸನದಿಂದ ಅಪ್ಪ-ಅಮ್ಮ ಬಂದಿದ್ದಾರೆ. ಮೇ ಕೊನೆಗೆ, ಮೆಮೋರಿಯಲ್ ಡೇ (ಮಡಿದ ಸೈನಿಕರನ್ನು ನೆನೆಯುವ ಸೋಮವಾರದ ರಜೆ) ಹಿಂದಿನ ಭಾನುವಾರ, ಶಾರ್ಲಟ್ ಮೋಟಾರ್ ಸ್ಪೀಡ್‌ವೇಯಲ್ಲಿ ನಡೆಯುವ ನ್ಯಾಸ್ಕಾರ್ ಕಾರ್ ರೇಸ್ ಕೋಕಾ-ಕೋಲಾ 600 ನೋಡಬೇಕೆಂದು ಅಪ್ಪನ ಆಸೆ. ಅವರು ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದವರು. ಅಮ್ಮನಿಗೆ ಮಂಡಿ ನೋವು. ಮಗಳಿಗೆ ಆರು ವರ್ಷ. ಎಲ್ಲಿ ಕೂರಬೇಕು? ಅಷ್ಟು ಹೊತ್ತು ಕೂರಲು ಆಗುತ್ತದಾ? ಹೋಗಿ ಬಂದವರು ಹೇಳಿ.

ನಾಲ್ಕು ಸಲ ಹೋದವರ ಉತ್ತರ:

ಮೊದಲು ಕಿವಿ, ಆಮೇಲೆ ಉಳಿದದ್ದು. ಮಗಳಿಗೆ ಕಿವಿ ಪೂರ್ತಿ ಮುಚ್ಚುವ ಇಯರ್‌ಮಫ್ ಈಗಲೇ ಕೊಂಡು, ಮನೆಯಲ್ಲಿ ಹಾಕಿಸಿ ರೂಢಿ ಮಾಡಿಸಿ. ನನ್ನ ಮಗ ಅಲ್ಲಿಗೆ ಹೋದ ಮೇಲೆ ಬೇಡವೇ ಬೇಡ ಎಂದು ಹಟ ಹಿಡಿದಿದ್ದ. ಹಸಿರು ಬಾವುಟ ಬೀಳುತ್ತಲೇ ನಲವತ್ತು ಕಾರು ಒಟ್ಟಿಗೆ ಹೊರಟವು, ಇವನ ಅಳು ನಮಗೂ ಕೇಳಲಿಲ್ಲ. ಆ ಸದ್ದು ಕಿವಿಗಿಂತ ಮೊದಲು ಎದೆಗೆ ಬಡಿಯುತ್ತದೆ. ದೊಡ್ಡವರಿಗೂ ಸ್ಪಂಜಿನ ಇಯರ್‌ಪ್ಲಗ್ ಬೇಕೇ ಬೇಕು.

ಜಾಗದ ವಿಷಯ. ಸಿನಿಮಾ ಥರ ಯೋಚಿಸಿ ಮುಂದಿನ ಸಾಲು ತೆಗೆದುಕೊಳ್ಳಬೇಡಿ. ನಾವು ಮೊದಲ ಸಲ ಅದೇ ತಪ್ಪು ಮಾಡಿದೆವು. ಕಂಡದ್ದು ತಂತಿಬೇಲಿ, ಅದರಾಚೆ ಬಣ್ಣದ ಗೆರೆಗಳು. ಟೈರಿನ ಕರಿ ಚೂರು ಬಂದು ಚಿತ್ರಾನ್ನದ ಡಬ್ಬಿಗೆ ಬಿತ್ತು. ಮೇಲಿನ ಸಾಲಿನಲ್ಲಿ ಕೂತರೆ ಒಂದೂವರೆ ಮೈಲಿಯ ಟ್ರ್ಯಾಕ್ ಪೂರ್ತಿ ಕಾಣುತ್ತದೆ. ತಿರುವುಗಳು 24 ಡಿಗ್ರಿ ಓರೆ, ಬಾಣಲೆಯ ಅಂಚಿನ ಹಾಗೆ. ಕಾರುಗಳು ಅಲ್ಲಿ ಅಂಟಿಕೊಂಡು ಓಡುವುದನ್ನು ಮೇಲಿಂದಲೇ ನೋಡಬೇಕು. ಆದರೆ ಅಮ್ಮನ ಮಂಡಿಗೆ ಮೆಟ್ಟಿಲು ಕಷ್ಟ, ಅಲ್ವಾ? ಟಿಕೆಟ್ ತೆಗೆಯುವಾಗಲೇ ಫೋನ್ ಮಾಡಿ, ಮೆಟ್ಟಿಲು ಹತ್ತಲಾಗದವರು ಇದ್ದಾರೆ ಎಂದು ಹೇಳಿ ಕೇಳಿ.

ಇನ್ನು ಹೊತ್ತು. 400 ಸುತ್ತು, ಸುತ್ತಿಗೆ ಸುಮಾರು ಅರ್ಧ ನಿಮಿಷ. ಮಧ್ಯೆ ಅಪಘಾತವಾದರೆ ಎಲ್ಲರನ್ನೂ ನಿಧಾನ ಮಾಡಿಸುವ ಹಳದಿ ಬಾವುಟ, ನೂರು ಸುತ್ತಿಗೊಂದರಂತೆ ವಿರಾಮ. ಸಂಜೆ ಆರರ ಸುಮಾರಿಗೆ ಶುರುವಾದರೆ ಮುಗಿಯುವಾಗ ರಾತ್ರಿ ಹತ್ತು ದಾಟಿರುತ್ತದೆ. 2022ರಲ್ಲಂತೂ ಹೆಚ್ಚುವರಿ ಸುತ್ತು ಸೇರಿ 413 ಸುತ್ತಿಗೆ ಎಳೆಯಿತು. ಎಲ್ಲವನ್ನೂ ನೋಡುತ್ತೇವೆಂದು ಹಟ ಬೇಡ. ನಡುವೆ ಎದ್ದು ಓಡಾಡಿ, ತಿನ್ನಿ. ಕತ್ತಲಾಗಿ ದೀಪ ಹತ್ತಿದ ಮೇಲೆ ಟ್ರ್ಯಾಕಿನ ಕಳೆಯೇ ಬೇರೆ, ಅಷ್ಟು ಮಾತ್ರ ತಪ್ಪಿಸಿಕೊಳ್ಳಬೇಡಿ.

ಟ್ರ್ಯಾಕ್ ಇರುವ ಊರು ಕಾಂಕರ್ಡ್‌ನಲ್ಲೇ ಮನೆ ಇರುವವರು:

ನನ್ನ ಮಾತು ಕೇಳಿದರೆ ಅಮ್ಮನನ್ನು ಶನಿವಾರ ಕರೆದುಕೊಂಡು ಹೋಗಿ. ಆ ದಿನ ಎರಡನೇ ದರ್ಜೆಯ ರೇಸ್, 300 ಮೈಲಿ. ಅರ್ಧ ಹೊತ್ತು, ಜನವೂ ಕಡಿಮೆ. ನಮ್ಮತ್ತೆ ಅದನ್ನು ನೋಡಿ ಖುಷಿಯಾಗಿ, ಭಾನುವಾರ ಮನೆಯಲ್ಲೇ ಮೊಸರನ್ನ ಉಂಡು ಮಲಗಿದರು. ಆದರೆ ಮಧ್ಯಾಹ್ನದ ಬಿಸಿಲು ಜೋರು, ಟೋಪಿ ಇರಲಿ.

ಇನ್ನೊಬ್ಬರು:

ಶನಿವಾರ ಬೇಡ ಅನ್ನುತ್ತೇನೆ, ಕ್ಷಮಿಸಿ. ಭಾನುವಾರ ಬೇರೆಯೇ ಒಂದು ವಿಷಯ ಇದೆ. ಯುದ್ಧದಲ್ಲಿ ಸತ್ತ ಸೈನಿಕರ ಹೆಸರನ್ನು ಪ್ರತಿ ಕಾರಿನ ಮುಂದಿನ ಗಾಜಿನ ಮೇಲೆ ಬರೆದಿರುತ್ತಾರೆ. ಅರ್ಧ ರೇಸ್ ಆದಾಗ ಎಲ್ಲ ಕಾರುಗಳೂ ಸಾಲಾಗಿ ನಿಂತು ಎಂಜಿನ್ ಆರಿಸುತ್ತವೆ. ಅಷ್ಟು ಗದ್ದಲದ ಜಾಗ ಒಮ್ಮೆಲೇ ಮೌನ. ನಮ್ಮ ತಂದೆ ಸೈನ್ಯದಲ್ಲಿದ್ದವರು. ಏನೂ ಮಾತಾಡದೆ ಎದ್ದು ನಿಂತರು.

ಮಳೆಯಲ್ಲಿ ನೆನೆದವರು:

ಓವಲ್ (ಮೊಟ್ಟೆಯಾಕಾರದ) ಟ್ರ್ಯಾಕ್ ಇಷ್ಟು ವೇಗದ್ದಾದರೆ ಮಳೆಯಲ್ಲಿ ಓಡಿಸುವುದಿಲ್ಲ. ಒಣಗುವವರೆಗೂ ಕಾಯಬೇಕು. 2023ರಲ್ಲಿ ಸೋಮವಾರಕ್ಕೆ ಹೋಯಿತು. 2024ರಲ್ಲಿ 249 ಸುತ್ತಿಗೆ ಮಳೆ ಬಂದು ಅಲ್ಲಿಗೇ ಮುಗಿಸಿದರು, ಕ್ರಿಸ್ಟೋಫರ್ ಬೆಲ್ ಗೆದ್ದ. ಪಾಪ, ಕೈಲ್ ಲಾರ್ಸನ್ ಅದೇ ದಿನ ಇಂಡಿಯಾನಾಪೊಲಿಸ್‌ನಲ್ಲಿ 500 ಮೈಲಿ ಓಡಿಸಿ ಇಲ್ಲಿಗೆ ಹಾರಿ ಬಂದಿದ್ದ, ಒಂದು ಸುತ್ತೂ ಸಿಗಲಿಲ್ಲ. ನಾವೂ ನೆನೆದು ತೊಪ್ಪೆಯಾಗಿ ಮನೆಗೆ ಬಂದೆವು. ಕೊಡೆ ಬೇಡ, ಹಿಂದಿನವರಿಗೆ ಅಡ್ಡ. ರೇನ್‌ಕೋಟ್ ತನ್ನಿ. ಸೋಮವಾರ ಯಾವ ಕೆಲಸವನ್ನೂ ಇಟ್ಟುಕೊಳ್ಳಬೇಡಿ.

ಮೊದಲು ಉತ್ತರ ಕೊಟ್ಟವರೇ ಮತ್ತೆ:

ಅಪ್ಪ ಮೆಕ್ಯಾನಿಕ್ ಅಂದಿರಿ, ಹಾಗಾದರೆ ಪಿಟ್, ಅಂದರೆ ಕಾರು ನಿಲ್ಲಿಸಿ ಟೈರ್, ಪೆಟ್ರೋಲ್ ಹಾಕುವ ಜಾಗ, ಕಾಣುವ ಕಡೆಯೇ ಕೂರಿ. ಐದು ಜನ ಗೋಡೆ ಹಾರಿ ಬಂದು ಹತ್ತು ಸೆಕೆಂಡ್ ಆಸುಪಾಸಿನಲ್ಲಿ ನಾಲ್ಕೂ ಟೈರ್ ಬದಲಾಯಿಸುತ್ತಾರೆ. ಜಾಕ್ ಕೈಯದೇ. ಪೆಟ್ರೋಲಿಗೆ ಪಂಪ್ ಇಲ್ಲ, ಹೆಗಲ ಮೇಲೆ ಕ್ಯಾನ್ ಹೊತ್ತು ಸುರಿಯುತ್ತಾರೆ. ಕಾರಿಗೆ ಬಾಗಿಲಿಲ್ಲ, ಕಿಟಕಿಯಿಂದ ತೂರಿ ಹೋಗಬೇಕು. ಹೆಡ್‌ಲೈಟ್ ಕೂಡ ಬರೀ ಸ್ಟಿಕ್ಕರ್. ನಮ್ಮಪ್ಪ ಅದನ್ನು ಕೇಳಿ ಎಷ್ಟು ಹೊತ್ತು ನಕ್ಕರೋ! ಒಂದು ಸ್ಕ್ಯಾನರ್ (ತಂಡಗಳ ರೇಡಿಯೋ ಕೇಳಿಸುವ ಸಾಧನ) ಬಾಡಿಗೆಗೆ ತೆಗೆದುಕೊಳ್ಳಿ. ಡ್ರೈವರ್ ತನ್ನ ತಂಡದವರ ಜೊತೆ ಮಾತಾಡುವುದು ಕೇಳುತ್ತದೆ. ಎತ್ತರದಲ್ಲಿ ನಿಂತ ಸ್ಪಾಟರ್ ಪಕ್ಕದಲ್ಲಿ ಯಾರಿದ್ದಾರೆಂದು ಹೇಳುತ್ತಲೇ ಇರುತ್ತಾನೆ. ಒಬ್ಬ ಡ್ರೈವರನ್ನು ಆರಿಸಿಕೊಂಡು ಅವನನ್ನೇ ಹಿಂಬಾಲಿಸಿ, ಇಲ್ಲದಿದ್ದರೆ ಸುಮ್ನೆ ಗಿರಗಿಟ್ಲೆ ನೋಡಿದ ಹಾಗಾಗುತ್ತದೆ. ಹಿಂದಿದ್ದಾನೆಂದು ಬಿಡಬೇಡಿ. 2025ರಲ್ಲಿ ರಾಸ್ ಚಾಸ್ಟೇನ್ ಕಟ್ಟಕಡೆಯ 40ನೇ ಜಾಗದಿಂದ ಹೊರಟು ಗೆದ್ದ. ಅಭ್ಯಾಸದಲ್ಲಿ ಕಾರು ಜಜ್ಜಿಹೋಗಿತ್ತು, ತಂಡದವರು ರಾತ್ರಿಯೆಲ್ಲ ಕೂತು ಇನ್ನೊಂದನ್ನು ತಯಾರು ಮಾಡಿದ್ದರು.

ಕಾರು ಹುಡುಕಿ ಸುಸ್ತಾದವರು:

ನಿಲ್ಲಿಸಿದ ಜಾಗದ ಫೋಟೋ ತೆಗೆದುಕೊಳ್ಳಿ. ರಾತ್ರಿ ಆ ಮೈದಾನದಲ್ಲಿ ಎಲ್ಲ ಕಡೆಯೂ ಒಂದೇ ಥರ. ಮುಗಿದ ಕೂಡಲೇ ಓಡಿ ಪ್ರಯೋಜನವಿಲ್ಲ, ಹೆದ್ದಾರಿ ಸೇರುವುದಕ್ಕೇ ಗಂಟೆಗಟ್ಟಲೆ ಆಗಬಹುದು. ಡಿಕ್ಕಿಯಲ್ಲಿ ಪುಳಿಯೋಗರೆ, ಮಡಿಚುವ ಕುರ್ಚಿ ಇಡಿ. ನಾವು ಅಲ್ಲೇ ಉಂಡು, ಮಕ್ಕಳು ಮಲಗಿದ ಮೇಲೆ ಹೊರಟೆವು. ಟಿಕೆಟ್ ಮನೆಯಲ್ಲೇ ಫೋನಿಗೆ ಇಳಿಸಿಕೊಳ್ಳಿ, ಅಲ್ಲಿ ನೆಟ್‌ವರ್ಕ್ ನೆಚ್ಚಬೇಡಿ.

ಕೇಳಿದವರು:

ಎಲ್ಲರಿಗೂ ಧನ್ಯವಾದ. ಭಾನುವಾರಕ್ಕೇ ಐದು ಟಿಕೆಟ್ ಆಯಿತು, ಅಮ್ಮ ಬಿಟ್ಟಿರುವುದಿಲ್ಲ ಅಂದರು. ಅಪ್ಪ ಇದನ್ನೆಲ್ಲ ಓದಿಸಿಕೊಂಡು ಒಂದೇ ಪ್ರಶ್ನೆ ಕೇಳುತ್ತಿದ್ದಾರೆ: ಗೇರ್ ಎಷ್ಟು?

ಉತ್ತರ:

ಐದು. ಗೇರ್ ಕೋಲನ್ನು ಮುಂದೆ ತಳ್ಳುವುದು, ಹಿಂದೆ ಎಳೆಯುವುದು, ಅಷ್ಟೇ. 2022ಕ್ಕೆ ಮೊದಲು ನಾಲ್ಕಿತ್ತು, ಅವರ ಬಸ್ಸಿನ ಥರ ಅಡ್ಡಡ್ಡ ಹಾಕಬೇಕಿತ್ತು. ಈಗ ಗೇರ್‌ಬಾಕ್ಸ್ ಹಿಂದಿನ ಚಕ್ರಗಳ ಹತ್ತಿರ ಇದೆ ಎಂದೂ ಹೇಳಿ.