ಹಳೇ ಪಿಸಿಯಲ್ಲಿ ಡಿಸ್ಕ್ ಯಾಕೆ ನಿಧಾನ? ರಿಪೇರಿಯವರನ್ನು ಕೇಳಿ

ಪ್ರೆಸ್‌ನವರು: ಸರ್, ನಮ್ಮ ಪ್ರೆಸ್‌ನಲ್ಲಿ ಪೆಂಟಿಯಂ 4, ಎಕ್ಸ್‌ಪಿ, 80 ಜಿಬಿ ಐಡಿಇ (ಚಪ್ಪಟೆ ಕೇಬಲ್‌ನ ಹಳೇ ಮಾದರಿ) ಡಿಸ್ಕ್. ಹಳೇ ಡಿಟಿಪಿ ಫೈಲೆಲ್ಲ ಅದರಲ್ಲೇ ಇವೆ. ಈಗೀಗ ಒಂದು ಫೈಲ್ ಕಾಪಿಗೆ ಇಟ್ಟರೆ ಮೌಸೂ ತಡವರಿಸುತ್ತದೆ.

ರಿಪೇರಿಯವರು: ಮೌಸ್ ತಡವರಿಸುತ್ತದೆ ಅಂದಿರಲ್ಲ, ಅಲ್ಲೇ ಅನುಮಾನ. ಡಿವೈಸ್ ಮ್ಯಾನೇಜರ್‌ನಲ್ಲಿ ಪ್ರೈಮರಿ ಐಡಿಇ ಚಾನೆಲ್ ತೆರೆದು ನೋಡಿ. ಪಿಐಒ ಅಂತಿದ್ದರೆ ಡಿಸ್ಕ್‌ನ ಡೇಟಾವನ್ನೆಲ್ಲ ಪ್ರೊಸೆಸರೇ ಹೊರುತ್ತಿದೆ. ವೇಗ ಹೆಚ್ಚೆಂದರೆ ಸೆಕೆಂಡಿಗೆ 16 ಎಂಬಿ. ಓದುವಾಗ ಮತ್ತೆ ಮತ್ತೆ ಎರರ್ ಬಂದರೆ ಎಕ್ಸ್‌ಪಿ ತಾನೇ ಹೀಗೆ ಇಳಿಯುತ್ತದೆ, ತಾನೇ ಮೇಲೇರುವುದಿಲ್ಲ. ಚಾನೆಲ್ ಅನ್‌ಇನ್‌ಸ್ಟಾಲ್ ಮಾಡಿ ರೀಸ್ಟಾರ್ಟ್ ಕೊಟ್ಟರೆ ಡಿಎಂಎ, ಅಂದರೆ ಪ್ರೊಸೆಸರ್ ಹೊರದೆ ಡೇಟಾ ನೇರ ಮೆಮೊರಿಗೆ ಹೋಗುವ ವಿಧಾನ, ವಾಪಸ್ ಬರಬಹುದು. ಆದರೆ ಎರರ್ ಬಂದಿದ್ದು ಯಾಕೆ? ಡಿಸ್ಕ್ ತನ್ನ ಆರೋಗ್ಯದ ಲೆಕ್ಕ ತಾನೇ ಇಡುವ ಸ್ಮಾರ್ಟ್ ವರದಿ ತೆಗೆಯಿರಿ. ಸಿಆರ್‌ಸಿ ಎರರ್ (ಡೇಟಾ ದಾರಿಯಲ್ಲಿ ಕೆಟ್ಟ ಲೆಕ್ಕ) ಏರಿದ್ದರೆ ಮೊದಲು ಕೇಬಲ್ ಬದಲಿಸಿ, 80 ತಂತಿಯದೇ ಹಾಕಿ. 40 ತಂತಿಯದು 33 ಎಂಬಿ ದಾಟುವುದಿಲ್ಲ. ಪೆಂಡಿಂಗ್ ಸೆಕ್ಟರ್ (ಡಿಸ್ಕ್‌ನಲ್ಲಿ ಓದಲಾಗದೆ ಉಳಿದ ಜಾಗ) ಇದ್ದರೆ ಡಿಸ್ಕೇ ಹೋಗುತ್ತಿದೆ. ಏನೇ ಇರಲಿ, ಬ್ಯಾಕಪ್ ಇವತ್ತೇ ಆಗಲಿ.

ಹಾಸನದ ಹುಡುಗ: ಹಳೇ ಬೋರ್ಡ್‌ನ ಪಿಸಿಐ ಸ್ಲಾಟ್‌ಗೆ ಸಾಟಾ (ಐಡಿಇ ನಂತರದ ಡಿಸ್ಕ್ ಸಂಪರ್ಕ) ಕಾರ್ಡ್ ಕೂರಿಸಿ ಎಸ್‌ಎಸ್‌ಡಿ (ತಿರುಗುವ ಭಾಗವಿಲ್ಲದ ಡಿಸ್ಕ್) ಹಾಕಿದರೆ 500 ಎಂಬಿ ಬರುತ್ತಾ?

ರಿಪೇರಿಯವರು: ಇಲ್ಲ. ಪಿಸಿಐ ಬಸ್ಸಿನ, ಅಂದರೆ ಡೇಟಾ ಸಾಗುವ ದಾರಿಯ, ಮಿತಿಯೇ ಸೆಕೆಂಡಿಗೆ 133 ಎಂಬಿ. ಅದರಲ್ಲೂ ಬೇರೆ ಕಾರ್ಡ್‌ಗಳಿಗೆ ಪಾಲು.

ಗೇಮರ್: ಹಾಗಾದರೆ ಎಸ್‌ಎಸ್‌ಡಿ ದಂಡ.

ಕೇಬಲ್ ಮಂಜ: ಯಾರು ಹೇಳಿದ್ದು? ತಿರುಗುವ ಡಿಸ್ಕ್‌ನಲ್ಲಿ ಹೆಡ್ ಜಾಗ ಹುಡುಕುವುದಕ್ಕೇ ಸುಮಾರು 10 ಮಿಲಿಸೆಕೆಂಡ್ ಬೇಕು. ಚಿಕ್ಕ ಫೈಲ್‌ಗಳಿಗೆ ಬಸ್ ಅಡ್ಡ ಬರುವುದೇ ಇಲ್ಲ.

ಗೇಮರ್: ಓದಿದ್ದು ಸಾಕು. ಕೈಯಾರೆ ಹಾಕಿ ನೋಡಿದ್ದೀರಾ?

ಕೇಬಲ್ ಮಂಜ: ಹಾಕಿದ್ದೀನಿ. ನೀವು?

ಗೇಮರ್: ಬೆಂಚ್‌ಮಾರ್ಕ್ ತೋರಿಸಿ, ಆಮೇಲೆ ಮಾತು.

ತುಮಕೂರು ಅಂಕಲ್: ನನ್ನ ವಿಯಾ ಚಿಪ್‌ಸೆಟ್ ಬೋರ್ಡ್‌ಗೆ ಹೊಸ ಸಾಟಾ ಡಿಸ್ಕ್ ಕಾಣಿಸುತ್ತಲೇ ಇಲ್ಲ. ಯಾರಾದರೂ ಹೇಳಿ.

ಶುಭೋದಯ: ಫಾರ್ವರ್ಡ್ ಬಂದಿದೆ: ಹಾಳಾದ ಡಿಸ್ಕನ್ನು ಕವರ್‌ನಲ್ಲಿ ಸುತ್ತಿ ರಾತ್ರಿಯಿಡೀ ಫ್ರೀಜರ್‌ನಲ್ಲಿಡಿ, ಹೊಸದರಂತೆ ಓಡುತ್ತೆ!! 🙏

ರಿಪೇರಿಯವರು: ಇಡಬೇಡಿ. ಹೊರಗೆ ತೆಗೆದಾಗ ಒಳಗಿನ ಪ್ಲೇಟ್ ಮೇಲೆ ತೇವ ಕೂರುತ್ತದೆ. ಅದರ ಮೇಲೆ ಹೆಡ್ ಓಡಿದರೆ ಉಳಿದದ್ದೂ ಹೋಯಿತು. ಇಂಥದ್ದನ್ನು ಇಲ್ಲಿ ಹಾಕಲೇಬೇಡಿ.

ಶುಭೋದಯ: ಬಂದದ್ದನ್ನು ಕಳಿಸಿದೆ ಅಷ್ಟೇ.

ಮೈಸೂರು ನೆಟ್: ಸರ್, ಪಿಸಿಐ ಕಾರ್ಡ್‌ನಲ್ಲಿ ಎಸ್‌ಎಸ್‌ಡಿ ಫುಲ್ ಸ್ಪೀಡ್ ಬರುತ್ತಾ?

ರಿಪೇರಿಯವರು: ಮೇಲೆ ಓದಿ.

ಪ್ರೆಸ್‌ನವರು: ಸರ್, ಪಿಐಒ ಅಂತಲೇ ಇದೆ. ಪೆಂಡಿಂಗ್ ಸೆಕ್ಟರ್ 24.

ರಿಪೇರಿಯವರು: ಹಾಗಾದರೆ ಕೇಬಲ್ ಮಾತು ಬಿಡಿ. ಪಿಸಿ ಆಫ್ ಮಾಡಿ. ಡಿಸ್ಕ್ ಬಿಚ್ಚಿ ಬೇರೆ ಪಿಸಿಗೆ ಹಾಕಿ, ಡಿಟಿಪಿ ಫೈಲ್‌ಗಳನ್ನೇ ಮೊದಲು ತೆಗೆಯಿರಿ.

ಗೇಮರ್: ಒಂದ್ಸಲ ಡಿಫ್ರಾಗ್ (ಚದುರಿದ ಫೈಲ್ ತುಣುಕು ಜೋಡಿಸೋದು) ಮಾಡಿ ನೋಡಿ ಸರ್.

ರಿಪೇರಿಯವರು: ಸಾಯುತ್ತಿರುವ ಡಿಸ್ಕ್‌ಗೆ ಡಿಫ್ರಾಗಾ? ಆ ಕಾಮೆಂಟ್ ತೆಗೆಯಿರಿ. ಪ್ರೆಸ್‌ನವರೇ, ಆಫ್ ಮಾಡಿದಿರಾ?