31 ಸಿನಿಮಾ ನೋಡಿದೆ, ಈಗ ನನ್ನ ಪಟ್ಟಿಯೇ ನನಗೆ ಸರಿ ಕಾಣುತ್ತಿಲ್ಲ. ನಂಬರ್ ಬದಲಿಸಬಹುದಾ?

ಟೈಲರ್ ಅಕ್ಕ, ದಾವಣಗೆರೆ

ಎಲ್ಲರಿಗೂ ನಮಸ್ಕಾರ. ದಾವಣಗೆರೆಯಲ್ಲಿ ನನ್ನದೊಂದು ಚಿಕ್ಕ ಟೈಲರಿಂಗ್ ಅಂಗಡಿ ಇದೆ. ಬ್ಲೌಸ್, ಚೂಡಿದಾರ, ಸೀರೆಗೆ ಫಾಲ್ಸು, ಪಿಕೊ. ಸಿನಿಮಾ ಹುಚ್ಚು ಚಿಕ್ಕಂದಿನಿಂದ ಇದೆ. ಆದರೆ ನೋಡಿದ್ದೆಲ್ಲ ರಾಜ್‌ಕುಮಾರ್, ವಿಷ್ಣುವರ್ಧನ್, ಅಂಬರೀಷ್ ಸಿನಿಮಾಗಳು. ಭಾನುವಾರ ಮಧ್ಯಾಹ್ನ ದೂರದರ್ಶನದಲ್ಲಿ ಪ್ರಶಸ್ತಿ ಬಂದ ಸಿನಿಮಾ ಹಾಕುತ್ತಿದ್ದರಲ್ಲ, ಅದು ಶುರುವಾದರೆ ನಮ್ಮ ಮನೆಯಲ್ಲಿ ಟಿವಿ ಆರಿಸಿ ಮಲಗುತ್ತಿದ್ದರು.

ಹೋದ ಯುಗಾದಿಗೆ ಒಂದು ಪಣ ತೊಟ್ಟೆ. ಈ ಯುಗಾದಿಯಿಂದ ಮುಂದಿನ ಯುಗಾದಿಗೆ 52 ವಾರ, 52 ಕನ್ನಡ ಸಿನಿಮಾ. 1970ರ 'ಸಂಸ್ಕಾರ'ದಿಂದ ಹಿಡಿದು 2002ರ 'ದ್ವೀಪ'ದವರೆಗೆ, ಹೊಸ ಅಲೆ ಅಂತಾರಲ್ಲ, ಆ ದಾರಿಯವು. ಯಾವುದನ್ನೂ ನಾನು ಮೊದಲು ನೋಡಿರಬಾರದು. ಕಥೆ ಓದಿಕೊಂಡು ಕೂರಬಾರದು. ಶನಿವಾರ ರಾತ್ರಿ ಒಂದೇ ಸಲಕ್ಕೆ ಪೂರ್ತಿ ನೋಡಬೇಕು, ಫೋನು ಅಡುಗೆಮನೆಯಲ್ಲಿರಬೇಕು. ಮುಗಿದ ತಕ್ಷಣ ಅಳತೆ ಪುಸ್ತಕದ ಹಿಂದಿನ ಹಾಳೆಯಲ್ಲಿ ಅದಕ್ಕೊಂದು ನಂಬರ್ ಬರೆಯಬೇಕು. ಬರೆದ ಮೇಲೆ ಅಳಿಸುವ ಹಾಗಿಲ್ಲ.

ಈಗ 31 ಮುಗಿದಿವೆ. ಮೊನ್ನೆ ಆ ಹಾಳೆ ತೆಗೆದು ಓದಿದರೆ ಇದು ನನ್ನದೇ ಪಟ್ಟಿನಾ ಅನ್ನಿಸಿತು.

'ಫಣಿಯಮ್ಮ'ಕ್ಕೆ ಆ ರಾತ್ರಿ 19ನೇ ಜಾಗ ಕೊಟ್ಟಿದ್ದೆ. ಎಂ.ಕೆ. ಇಂದಿರಾ ಅವರ ಕಾದಂಬರಿ, ಪ್ರೇಮಾ ಕಾರಂತರ ನಿರ್ದೇಶನ. ನಿಧಾನ ಅನ್ನಿಸಿತ್ತು, ಅಷ್ಟೇ. ಎರಡು ತಿಂಗಳಾದ ಮೇಲೆ ಅಂಗಡಿಗೆ ಒಬ್ಬ ಹುಡುಗಿ ಬಂದಳು. ಇಪ್ಪತ್ತಾರು ಇಪ್ಪತ್ತೇಳು ಇರಬಹುದು. ಗಂಡ ತೀರಿಕೊಂಡು ಆರು ತಿಂಗಳು. ಜೊತೆಗೆ ಬಂದಿದ್ದ ಹಿರಿಯರು 'ಇವಳಿಗೆ ಬಾರ್ಡರ್ ಬೇಡ, ಪ್ಲೇನ್ ಹೊಲೀರಿ' ಅಂದರು. ಆ ಹುಡುಗಿ ಏನೂ ಹೇಳಲಿಲ್ಲ, ಕೈಯಲ್ಲಿದ್ದ ಬಾರ್ಡರ್ ಬಟ್ಟೆಯನ್ನು ಮಡಚಿ ಚೀಲಕ್ಕೆ ಹಾಕಿಕೊಂಡಳು. ಆಗ ನನಗೆ ಫಣಿಯಮ್ಮ ನೆನಪಾದರು. ತಲೆ ಬೋಳಿಸಿಕೊಳ್ಳಲ್ಲ ಅಂತ ಹಟ ಹಿಡಿದ ದಾಕ್ಷಾಯಿಣಿ ಪರ ಆ ಮುದುಕಿ ನಿಲ್ಲುತ್ತಾರಲ್ಲ, ಅದು. ಅವತ್ತಿನಿಂದ ವಾರಕ್ಕೊಮ್ಮೆಯಾದರೂ ಆ ಸಿನಿಮಾ ಕಣ್ಣ ಮುಂದೆ ಬರುತ್ತೆ. ಪುಸ್ತಕದಲ್ಲಿ ಮಾತ್ರ ಇನ್ನೂ 19.

ಇನ್ನೊಂದು ಕಡೆ 'ಒಂದಾನೊಂದು ಕಾಲದಲ್ಲಿ' 2ನೇ ಜಾಗದಲ್ಲಿದೆ. ಆ ರಾತ್ರಿ ಕತ್ತಿವರಸೆ ನೋಡಿ ನಿದ್ದೆಯೇ ಬಂದಿರಲಿಲ್ಲ. ಶಂಕರ್ ನಾಗ್ ಅವರ ಮೊದಲ ಸಿನಿಮಾ ಅಂದರೆ ನಂಬುವುದಕ್ಕೇ ಆಗಲ್ಲ. ಆದರೆ ಈಗ ಕಥೆ ಹೇಳು ಅಂದರೆ ತಡವರಿಸುತ್ತೇನೆ.

ಮೊದಲ ಸ್ಥಾನ 'ತಬರನ ಕಥೆ'ಗೆ. ಇಲ್ಲೂ ಒಂದು ಅನುಮಾನ. ನಮ್ಮಪ್ಪ ಪಿಂಚಣಿಗಾಗಿ ಒಂದು ಕಚೇರಿಗೆ ಎರಡು ವರ್ಷ ಅಲೆದಿದ್ದಾರೆ. ತಬರನಾಗಿ ಚಾರುಹಾಸನ್ ಕಾಗದ ಹಿಡಿದು ನಿಂತರೆ ನನಗೆ ಅಪ್ಪನೇ ಕಾಣುತ್ತಾರೆ. ನಾನು ನಂಬರ್ ಕೊಟ್ಟಿದ್ದು ಸಿನಿಮಾಕ್ಕೋ ಅಪ್ಪನಿಗೋ?

ನನ್ನ ಪ್ರಶ್ನೆ ಇಷ್ಟು. ಹಳೇ ನಂಬರ್ ಬದಲಿಸಬಹುದಾ? ಒಂದಕ್ಕೊಂದು ಸಂಬಂಧವೇ ಇಲ್ಲದ ಸಿನಿಮಾಗಳನ್ನು ಹೇಗೆ ಹೋಲಿಸಬೇಕು? ಮತ್ತೆ, ಸಿಕ್ಕಿದ ಸಿನಿಮಾದ ಪ್ರತಿ ಚೆನ್ನಾಗಿಲ್ಲದಿದ್ದರೆ ಏನು ಮಾಡಬೇಕು? 'ಅಬಚೂರಿನ ಪೋಸ್ಟಾಫೀಸು' ನನಗೆ ಸಿಕ್ಕಿದ್ದರಲ್ಲಿ ಮಾತು ಅರ್ಧ ಕೇಳಲಿಲ್ಲ, ಕತ್ತಲೆಯ ಜಾಗದಲ್ಲಿ ಮುಖವೇ ಕಾಣಲಿಲ್ಲ. 27 ಅಂತ ಬರೆದೆ. ಅನ್ಯಾಯ ಮಾಡಿದೆ ಅನ್ನಿಸುತ್ತಿದೆ.

ಗಣಿತದ ಮೇಷ್ಟ್ರು, ಹಾಸನ

ಅಕ್ಕಾ, ಹೋಲಿಸುವ ವಿಷಯ ಮಾತ್ರ ನಾನು ಹೇಳುತ್ತೇನೆ.

ಹೊಸ ಸಿನಿಮಾ ನೋಡಿ ಇಡೀ ಪಟ್ಟಿಯನ್ನು ಒಟ್ಟಿಗೆ ನೋಡಬೇಡಿ, ತಲೆ ಕೆಡುತ್ತೆ. ಈಗ 31 ಇವೆಯಲ್ಲ, ನಟ್ಟನಡುವಿನ 16ನೆಯದನ್ನು ಮಾತ್ರ ತೆಗೆದುಕೊಳ್ಳಿ. ಹೊಸದು ಅದಕ್ಕಿಂತ ಮೇಲಾ, ಕೆಳಗಾ? ಮೇಲೆ ಅಂದರೆ 8ನೆಯದರ ಜೊತೆ ಹೋಲಿಸಿ. ಕೆಳಗೆ ಅಂದರೆ 24ರ ಜೊತೆ. ಹೀಗೆ ಪ್ರತಿ ಸಲ ಉಳಿದದ್ದರ ನಡುವೆ ಹೋಗಿ. ಐದೇ ಪ್ರಶ್ನೆಗೆ ಜಾಗ ಸಿಗುತ್ತೆ. 52 ಮುಗಿಯುವವರೆಗೂ ಆರಕ್ಕಿಂತ ಜಾಸ್ತಿ ಪ್ರಶ್ನೆ ಬೇಕಾಗುವುದಿಲ್ಲ. ನಿಘಂಟಿನಲ್ಲಿ ಪದ ಹುಡುಕುವಾಗ ನಾವು ಮಾಡುವುದೂ ಇದನ್ನೇ ಅಲ್ವಾ, ನಡುವೆ ತೆರೆದು ಹಿಂದೆ ಮುಂದೆ ಹೋಗುತ್ತೇವೆ.

ಆದರೆ ಪ್ರತಿ ಸಲವೂ ಕೇಳಿಕೊಳ್ಳುವ ಪ್ರಶ್ನೆ ಒಂದೇ ಇರಬೇಕು. ಒಮ್ಮೆ ನಟನೆ, ಇನ್ನೊಮ್ಮೆ ಕಥೆ ನೋಡಿದರೆ ಪಟ್ಟಿ ಸುತ್ತು ಹೊಡೆಯುತ್ತೆ. ಒಂದು ಎರಡಕ್ಕಿಂತ ಮೇಲು, ಎರಡು ಮೂರಕ್ಕಿಂತ ಮೇಲು, ಮೂರು ಮತ್ತೆ ಒಂದಕ್ಕಿಂತ ಮೇಲು ಅಂತ ಆಗಿಬಿಡುತ್ತೆ. ನಾನಾದರೆ ಹೀಗೆ ಕೇಳಿಕೊಳ್ಳುತ್ತೇನೆ: ಇವೆರಡರಲ್ಲಿ ನಾಳೆ ಒಂದನ್ನು ಮಾತ್ರ ಮತ್ತೆ ನೋಡಬಹುದು ಅಂದರೆ ಯಾವುದನ್ನು ನೋಡುತ್ತೇನೆ?

ಅಡಿಕೆ ತೋಟ, ಸಾಗರ

ಮೇಷ್ಟ್ರ ಲೆಕ್ಕ ಒಪ್ಪಿದೆ. ಪ್ರಶ್ನೆ ಒಪ್ಪುವುದಿಲ್ಲ. 'ಘಟಶ್ರಾದ್ಧ'ವನ್ನು ನಾನು ಎರಡೇ ಸಲ ನೋಡಿದ್ದೇನೆ. ಮೂರನೇ ಸಲ ನೋಡುವ ಧೈರ್ಯ ಇಲ್ಲ. ಯಮುನೆಯ ತಲೆ ಬೋಳಿಸಿ ಕೂರಿಸಿರುವುದನ್ನು ಆ ಪುಟ್ಟ ನಾಣಿ ನೋಡುತ್ತಾನಲ್ಲ, ಅದನ್ನು ಮತ್ತೆ ನೋಡಲಾರೆ. ಹಾಗಂತ ಅದನ್ನು ಕೆಳಗಿಡಲಾ? ನಾನು ನೋಡಿದ ಕನ್ನಡ ಸಿನಿಮಾಗಳಲ್ಲಿ ಅದಕ್ಕಿಂತ ಮೇಲೆ ಯಾವುದೂ ಇಲ್ಲ.

ತಂಗಿ, ನೀನು ಕೇಳಿದ ಮೊದಲ ಪ್ರಶ್ನೆಗೆ ನಮ್ಮಮ್ಮನ ಕಥೆ ಹೇಳುತ್ತೇನೆ. ನಮ್ಮದು ಹೆಗ್ಗೋಡಿನ ಪಕ್ಕದ ಊರು. 1973ರಲ್ಲಿ ಕೆ.ವಿ. ಸುಬ್ಬಣ್ಣನವರು ನೀನಾಸಂ ಚಿತ್ರಸಮಾಜ ಶುರು ಮಾಡಿದರು. ಸತ್ಯಜಿತ್ ರೇ, ಕುರೊಸಾವಾ ಸಿನಿಮಾಗಳನ್ನು ನಮ್ಮಂಥ ಹಳ್ಳಿಯವರು ಕೂತು ನೋಡಿದ್ದು ಅಲ್ಲೇ. ಅಮ್ಮ ಕನ್ನಡ ಬಿಟ್ಟು ಬೇರೆ ಭಾಷೆ ಕೇಳಿದವಳೇ ಅಲ್ಲ. 'ಪಥೇರ್ ಪಾಂಚಾಲಿ' ನೋಡಿ ಬಂದ ರಾತ್ರಿ ಹೇಗಿತ್ತು ಅಂದರೆ 'ಏನೋಪ್ಪ, ಅರ್ಥ ಆಗಲಿಲ್ಲ' ಅಂದು ಮಲಗಿದಳು. ಆಮೇಲೆ ಕೊಯ್ಲು ಬಂತು. ರಾತ್ರಿ ಅಂಗಳದಲ್ಲಿ ಹತ್ತು ಜನ ಅಡಿಕೆ ಸುಲಿಯುತ್ತಾ ಕೂತಿದ್ದಾರೆ. ಅಮ್ಮ ಇದ್ದಕ್ಕಿದ್ದ ಹಾಗೆ ಆ ಸಿನಿಮಾದ ಮುದುಕಿಯ ಮಾತೆತ್ತಿದಳು. ಹರಕು ಶಾಲು ಹೊದ್ದು ಮನೆಯಿಂದ ಮನೆಗೆ ಹೋಗುತ್ತಿದ್ದವಳು, ಅವಳಿಗೆ ಒಂದು ತುತ್ತು ಕೊಡಲಿಕ್ಕೂ ಮನೆಯ ಸೊಸೆಗೆ ಆಗಲಿಲ್ಲ, ಸೊಸೆಯೂ ಕೆಟ್ಟವಳಲ್ಲ, ಬಡತನ ಹಾಗೆ ಮಾಡಿಸಿತು ಅಂತ. ಕತ್ತಿ ನಿಲ್ಲಿಸಿ ಎಲ್ಲರೂ ಕೇಳಿದರು. ಅಮ್ಮನಿಗೆ ಸಿನಿಮಾ ಅರ್ಥವಾಗಿದ್ದು ಆ ರಾತ್ರಿ. ನೋಡಿದ ರಾತ್ರಿ ಅಲ್ಲ.

ಅದಕ್ಕೆ ಹೇಳಿದ್ದು. ಹಳೇ ನಂಬರ್ ಅಳಿಸಬೇಡ, ಪಕ್ಕದಲ್ಲಿ ಇನ್ನೊಂದು ಬರೆ. ನಲವತ್ತು ದಿನ ಬಿಟ್ಟು ಬರೆ. ಎರಡೂ ನಿನ್ನವೇ.

ಅಪ್ಪನ ವಿಷಯ. ಪೂರ್ಣಚಂದ್ರ ತೇಜಸ್ವಿ ಕಥೆ ಬರೆದದ್ದು, ಗಿರೀಶ ಕಾಸರವಳ್ಳಿ ಸಿನಿಮಾ ಮಾಡಿದ್ದು ನಿಮ್ಮಪ್ಪನಂಥವರನ್ನು ನೋಡಿಯೇ. ಅಪ್ಪನನ್ನು ಬಾಗಿಲ ಹೊರಗೆ ನಿಲ್ಲಿಸಿ ಸಿನಿಮಾ ನೋಡು ಅಂತ ಯಾರೂ ಹೇಳಿಲ್ಲ. ಮೊದಲ ಸ್ಥಾನದಲ್ಲೇ ಇರಲಿ.

ಒಬ್ಬಳೇ ನೋಡುತ್ತೀಯಾ? ಆಗುವುದಾದರೆ ಯಾರನ್ನಾದರೂ ಕರೆದುಕೋ.

ಶಾರ್ಜಾದಲ್ಲಿರುವ ಕುಂದಾಪುರದವ

ಪ್ರತಿಯ ಬಗ್ಗೆ ಮಾತ್ರ ಹೇಳುತ್ತೇನೆ, ಅಕ್ಕ. ನನಗೂ ಇದೇ ಗೋಳು. 'ಘಟಶ್ರಾದ್ಧ'ವನ್ನು ನಾನು ಮೊದಲು ನೋಡಿದ್ದು ಮಸುಕು ಮಸುಕಾದ ಪ್ರತಿಯಲ್ಲಿ. ಎಸ್. ರಾಮಚಂದ್ರ ಅವರ ಛಾಯಾಗ್ರಹಣ ಅಂತ ಎಲ್ಲರೂ ಹೊಗಳುತ್ತಾರೆ, ನನಗೆ ಬರೀ ಬೂದಿ ಬಣ್ಣ ಕಂಡಿತ್ತು. ಆ ಸಿನಿಮಾವನ್ನು ಮೂಲ ನೆಗೆಟಿವ್‌ನಿಂದ 4ಕೆಯಲ್ಲಿ ಸರಿಪಡಿಸಿ 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ತೋರಿಸಿದರು. 1977ರ ಸಿನಿಮಾ! ಇಷ್ಟು ಕೆಲಸ ಆಗಬೇಕಾದರೆ ನೆಗೆಟಿವ್ ಉಳಿದಿರಬೇಕು, ಉಳಿಸುವವರಿರಬೇಕು. ನಮ್ಮ ಎಷ್ಟೋ ಸಿನಿಮಾಗಳಿಗೆ ಆ ಅದೃಷ್ಟ ಇಲ್ಲ. 1934ರ 'ಸತಿ ಸುಲೋಚನ' ನಮ್ಮ ಮೊದಲ ಟಾಕಿ, ಇವತ್ತು ನೋಡೋಣ ಅಂದರೆ ಪ್ರತಿಯೇ ಇಲ್ಲ.

ಹಾಗಾಗಿ ಕೆಟ್ಟ ಪ್ರತಿಗೆ ನಂಬರ್ ಕೊಡಬೇಡಿ. ಬೇರೆ ಹಾಳೆಯಲ್ಲಿ 'ಅರ್ಧ ನೋಡಿದ್ದು' ಅಂತ ಬರೆದಿಡಿ. 'ಅಬಚೂರಿನ ಪೋಸ್ಟಾಫೀಸು' ಅಲ್ಲಿಗೇ ಹೋಗಲಿ. ಒಳ್ಳೆಯದು ಸಿಕ್ಕಾಗ ಮತ್ತೆ ನೋಡಿ.

ಹೆಸರು ಬೇಡ

ಸಿನಿಮಾಗೆ ಯಾಕೆ ನಂಬರ್? ಸುಮ್ನೆ ನೋಡಿ ಖುಷಿ ಪಡಬಾರದಾ?

ಟೈಲರ್ ಅಕ್ಕ, ದಾವಣಗೆರೆ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಮೂರು ವಾರ ಬಿಟ್ಟು ಬರೆಯುತ್ತಿದ್ದೇನೆ. ಮದುವೆ ಸೀಸನ್, ಅಂಗಡಿಯಲ್ಲಿ ಕೈ ಬಿಡುವಿರಲಿಲ್ಲ. ಎರಡು ಶನಿವಾರ ತಪ್ಪಿಹೋಯಿತು, ಅದನ್ನು ಸೀಸನ್ ಮುಗಿದ ಮೇಲೆ ತುಂಬಿಸಿಕೊಳ್ಳುತ್ತೇನೆ.

ಮೊದಲು ಕೊನೆಯವರಿಗೆ ಉತ್ತರ. ನಂಬರ್ ಕೊಡಬೇಕು ಅಂತ ಇರುವುದರಿಂದಲೇ ನಾನು ಯೋಚನೆ ಮಾಡುತ್ತೇನೆ. ಇಲ್ಲದಿದ್ದರೆ 'ಚೆನ್ನಾಗಿತ್ತು' ಅಂತ ಹೇಳಿ ಮಲಗಿಬಿಡುತ್ತಿದ್ದೆ. 'ಕಾಡು' ಮೇಲೋ 'ಘಟಶ್ರಾದ್ಧ' ಮೇಲೋ ಅಂತ ಕೂತು ಹೋಲಿಸಿದಾಗಲೇ ನನಗೆ ಹೊಳೆದದ್ದು, ಎರಡನ್ನೂ ಒಬ್ಬೊಬ್ಬ ಹುಡುಗನ ಕಣ್ಣಿಂದ ತೋರಿಸಿದ್ದಾರೆ ಅಂತ. ಅಲ್ಲಿ ಕಿಟ್ಟಿ, ಇಲ್ಲಿ ನಾಣಿ. ದೊಡ್ಡವರು ಮಾಡುವುದನ್ನೆಲ್ಲ ಇಬ್ಬರೂ ನೋಡುತ್ತಾರೆ, ತಡೆಯಲಿಕ್ಕೆ ಇಬ್ಬರ ಕೈಲೂ ಆಗಲ್ಲ. ನಂಬರಿನ ಹಟ ಇರದಿದ್ದರೆ ಇದು ನನ್ನ ತಲೆಗೆ ಬರುತ್ತಲೇ ಇರಲಿಲ್ಲ.

ಮೇಷ್ಟ್ರೇ, ನಿಮ್ಮ ಲೆಕ್ಕ ಕೆಲಸ ಮಾಡಿತು. 32ನೆಯದಾಗಿ ಎಂ.ಎಸ್. ಸತ್ಯು ಅವರ 'ಬರ' ನೋಡಿದೆ. 16ರಲ್ಲಿ ಅವರದೇ 'ಕನ್ನೇಶ್ವರ ರಾಮ' ಇತ್ತು, ಅದಕ್ಕಿಂತ ಮೇಲೆ. 8ರಲ್ಲಿದ್ದ 'ಸಂಸ್ಕಾರ'ಕ್ಕಿಂತ ಕೆಳಗೆ. 12ರ 'ಮನೆ'ಗಿಂತ ಮೇಲೆ. 10ಕ್ಕಿಂತ ಮೇಲೆ. 9ರ 'ವಂಶವೃಕ್ಷ'ದ ಹತ್ತಿರ ಬಂದಾಗ ಅರ್ಧ ಗಂಟೆ ಒದ್ದಾಡಿದೆ. ಕೊನೆಗೆ ಅದಕ್ಕಿಂತ ಕೆಳಗಿಟ್ಟೆ. 10ನೇ ಜಾಗ ಸಿಕ್ಕಿತು. ಸರಿಯಾಗಿ ಐದೇ ಪ್ರಶ್ನೆ.

ಆದರೆ ಪ್ರಶ್ನೆಯನ್ನು ನಾನು ಬದಲಿಸಿದ್ದೇನೆ. ಸಾಗರದ ಅಣ್ಣಾ, ನಿಮ್ಮ ಅಮ್ಮನ ಕಥೆಯನ್ನು ಅಂಗಡಿಯಲ್ಲಿ ಕೆಲಸದ ಹುಡುಗಿಯರಿಗೂ ಓದಿ ಹೇಳಿದೆ. ಈಗ ನಾನು ಕೇಳಿಕೊಳ್ಳುವುದು ಹೀಗೆ: ಫಾಲ್ಸು ಹಾಕುತ್ತಾ ಕೂತಾಗ, ಯಾರೂ ಕೇಳದೆ, ಯಾವುದು ಜಾಸ್ತಿ ನೆನಪಾಗುತ್ತೆ? ನಲವತ್ತು ದಿನ ದಾಟಿದ ಎಲ್ಲಾ ಸಿನಿಮಾಗಳಿಗೂ ಕೆಂಪು ಪೆನ್ನಿನಲ್ಲಿ ಎರಡನೇ ನಂಬರ್ ಬರೆದೆ. 'ಫಣಿಯಮ್ಮ' 19ರಿಂದ 3ಕ್ಕೆ ಬಂತು. 'ಒಂದಾನೊಂದು ಕಾಲದಲ್ಲಿ' 11ಕ್ಕೆ ಇಳಿಯಿತು, ಆ ರಾತ್ರಿಯ ಖುಷಿಗೆ ನೀಲಿ ಪೆನ್ನಿನ 2 ಹಾಗೇ ಇದೆ. 'ತಾಯಿ ಸಾಹೇಬ' 14ರಿಂದ 6. ಅದರಲ್ಲಿ ಬಟ್ಟೆಗಳ ಮೇಲೆಯೇ ನನ್ನ ಕಣ್ಣಿತ್ತು. ವಸ್ತ್ರವಿನ್ಯಾಸಕ್ಕೆ ವೈಶಾಲಿ ಕಾಸರವಳ್ಳಿ ಅವರಿಗೆ ರಾಷ್ಟ್ರಪ್ರಶಸ್ತಿ ಬಂದಿತ್ತು ಅಂತ ಆಮೇಲೆ ಗೊತ್ತಾಗಿ ತುಂಬಾ ಖುಷಿಯಾಯಿತು. ಮೊದಲ ಸ್ಥಾನ ಬದಲಾಗಿಲ್ಲ. ಅಪ್ಪನಿಗೆ ಹೇಳಿದೆ. 'ನನಗೂ ತೋರಿಸು' ಅಂದರು.

ಬರುವ ಶನಿವಾರ 'ಚೋಮನ ದುಡಿ'. ಈ ಸಲ ಒಬ್ಬಳೇ ಅಲ್ಲ. ಅಪ್ಪ, ಅಂಗಡಿಯ ಇಬ್ಬರು ಹುಡುಗಿಯರು, ಪಕ್ಕದ ಮನೆ ಆಂಟಿ. ದುಡಿಯ ಶಬ್ದ ಚೆನ್ನಾಗಿ ಕೇಳಲಿ ಅಂತ ತಮ್ಮನ ಹತ್ತಿರ ದೊಡ್ಡ ಸ್ಪೀಕರ್ ಕೇಳಿದ್ದೇನೆ.

'ಅರ್ಧ ನೋಡಿದ್ದು' ಹಾಳೆಯಲ್ಲಿ ಈಗ ಎರಡು ಇವೆ. 'ಅಬಚೂರಿನ ಪೋಸ್ಟಾಫೀಸು' ಒಂದು, ಲಂಕೇಶರ 'ಪಲ್ಲವಿ' ಇನ್ನೊಂದು. ಇವುಗಳ ಒಳ್ಳೆಯ ಪ್ರತಿ ಎಲ್ಲಿ ನೋಡಬಹುದು ಅಂತ ಯಾರಿಗಾದರೂ ಗೊತ್ತಿದ್ದರೆ ದಯವಿಟ್ಟು ತಿಳಿಸಿ.